‘ಶಾನುಭೋಗ’ದಲ್ಲಿ ‘ಭೋಗ’ ಎಲ್ಲಿಂದ ಬಂತು?

ಮಂಡ್ಯ ಸೀಮೆಯ ನಮ್ಮೂರಲ್ಲಿ ನಮ್ಮದು ‘ಶಾನುಭೋಗರ ಮನೆ’. ತಾತ ಊರಿನ ಲೆಕ್ಕ ಬರೆಯುತ್ತಿದ್ದರು. ಆದರೆ ಅವರ ಹೆಸರಿನ ಜೊತೆ ಆ ಪದ ಇರಲಿಲ್ಲ. ನಮ್ಮ ಕಡೆ ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ ಹಾಕಿದರೆ ಹೆಸರು ಮುಗಿಯಿತು. ಅಡ್ಡಹೆಸರು ಇರುವುದೇ ಕಡಿಮೆ. ಹೋದ ತಿಂಗಳು ಅಣ್ಣನ ಮಗ ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಆ ಜಾಗದಲ್ಲಿ ಏನು ಬರೆಯಲಿ ಅಂತ ಕೇಳಿದ. ‘ಶಾನುಭೋಗ’ ಅಂತ ಬರೆಸಿದೆವು.

ಈಗ ಅವನ ಗೆಳೆಯರು ‘ಊರವರ ದುಡ್ಡಲ್ಲಿ ಭೋಗ ಮಾಡಿದವರು ಅಂತ ಅಲ್ವಾ ಅರ್ಥ?’ ಅನ್ನುತ್ತಾರಂತೆ. ಚಿಕ್ಕಂದಿನಿಂದ ನಾನೂ ಈ ಮಾತು ಕೇಳಿದ್ದೇನೆ, ನೊಂದಿದ್ದೇನೆ. ಅದು ತಪ್ಪು ಅರ್ಥ. ಹೊಯ್ಸಳರ ಕಾಲದ ಶಾಸನಗಳಲ್ಲಿ ಲೆಕ್ಕಪತ್ರ ಬರೆಯುವವನು ‘ಸೇನಬೋವ’. ಎಷ್ಟೋ ಶಾಸನಗಳ ಕೊನೆಗೆ ಇದನ್ನು ಬರೆದವನು ಇಂಥ ಸೇನಬೋವ ಅಂತ ಹೆಸರಿರುತ್ತದೆ. ಅಲ್ಲಿರುವುದು ಬೋವ, ಭೋಗ ಅಲ್ಲ. ಬಾಯಿಂದ ಬಾಯಿಗೆ ಬಂದು ಅದೇ ಸೇನಭೋಗ, ಶಾನಭೋಗ, ಶಾನುಭೋಗ ಆಯಿತು. ಉತ್ತರ ಕನ್ನಡದ ಕಡೆ ಇದೇ ಪದ ‘ಶಾನಭಾಗ’. ಅಲ್ಲಿ ಅದು ಎಂದೋ ಅಡ್ಡಹೆಸರಾಗಿದೆ. ನಮಗೆ ಭೋಗ ಕೇಳಿಸಿತು, ಅವರಿಗೆ ಭಾಗ ಕೇಳಿಸಿತು. ಗೊತ್ತಿಲ್ಲದ ಬಾಲಕ್ಕೆ ಗೊತ್ತಿರುವ ಪದ ಅಂಟಿಸುವುದು ನಾಲಿಗೆಯ ಸಹಜ ಗುಣ ಅಂತ ನನಗನ್ನಿಸುತ್ತದೆ. ನಮ್ಮೂರ ಅಜ್ಜಿಯರು ‘ಸ್ಯಾನ್‌ಬೋಗ್ರು’ ಅಂತಲೇ ಕರೆಯುತ್ತಿದ್ದರು. ಶ ಬದಲು ಸ, ಭ ಬದಲು ಬ ನಮ್ಮ ಸೀಮೆಯ ರೂಢಿ ಅಷ್ಟೇ. ಆದರೂ ಆ ಸಕಾರ ಬಕಾರ ಕೇಳಿದರೆ ಹಳೇ ಸೇನಬೋವನೇ ಎದುರಿಗೆ ಬಂದ ಹಾಗಾಗುತ್ತದೆ.

ತಾತನ ಪೆಟ್ಟಿಗೆಯಲ್ಲಿ ಅವರ ಹಿರಿಯರ ಕಡತವೊಂದಿದೆ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಪದರ ಪದರವಾಗಿ ಮಡಚಿದ್ದು. ಕಪ್ಪು ಬಟ್ಟೆಯ ಮೇಲೆ ಬಳಪದ ಬಿಳಿ ಅಕ್ಷರ. ಬೆರಳು ತಾಗಿದರೆ ಅಳಿಸುತ್ತದೆ ಅಂತ ಅಮ್ಮ ಮುಟ್ಟಲು ಬಿಡುತ್ತಿರಲಿಲ್ಲ. ಇಂದು ಕಡತ ಅಂದರೆ ಕಚೇರಿಯ ಫೈಲು. ಆ ಪದವೂ ಬಟ್ಟೆ ಬಿಟ್ಟು ಕಾಗದಕ್ಕೆ ಬಂತು.

1961ರ ಕಾಯ್ದೆಯಿಂದ ವಂಶದ ಗ್ರಾಮ ಹುದ್ದೆಗಳು ಹೋದವು. ಲೆಕ್ಕ ಗ್ರಾಮಲೆಕ್ಕಿಗರ ಕೈಗೆ ಬಂತು. ಕೆಲಸ ಹೋಗಿ ಅರವತ್ತು ವರ್ಷ ಆದಮೇಲೆ ನಮ್ಮ ಮನೆಯಲ್ಲಿ ಪದ ಹೆಸರಾಯಿತು ನೋಡಿ.

ನನ್ನ ಪ್ರಶ್ನೆ ಇದು. ನೀರಗಂಟಿ, ತಳವಾರ, ತೋಟಿ ಇಂಥ ಊರಿನ ಬೇರೆ ಹಳೇ ಹುದ್ದೆಗಳ ಮನೆತನದವರೂ ಮೈಸೂರು, ಮಂಡ್ಯ ಕಡೆ ಹೀಗೆ ಅರ್ಜಿಗಳಲ್ಲಿ ಆ ಪದ ಬರೆಯುತ್ತಿದ್ದಾರಾ? ನಿಮ್ಮೂರಲ್ಲಿ ಶಾನುಭೋಗರನ್ನು ಹಿರಿಯರು ಹೇಗೆ ಕರೆಯುತ್ತಿದ್ದರು? ಬಾಯಲ್ಲಿ ಬರುವ ಹಾಗೇ ಬರೆದು ತಿಳಿಸಿ.