‘ನೊಏತೊಸ್’ ಅಂದರೆ ಬುದ್ಧಿವಂತನಾ?

ಪ್ರಶ್ನೆ:
ಬ್ಯಾಂಕ್ ಕೆಲಸದಿಂದ ರಿಟೈರ್ ಆದ ಮೇಲೆ ಹಳೇ ಗ್ರೀಕ್ ಹಿಡಿದು ಕೂತಿದ್ದೇನೆ. ಸದ್ಯ ಪ್ಲೇಟೋನ ‘ರಿಪಬ್ಲಿಕ್’ 6ನೇ ಭಾಗದ ಕೊನೆ. ಒಂದು ಗೆರೆ ಎಳೆದು ಎರಡು ತುಂಡು ಮಾಡು ಅನ್ನುತ್ತಾನೆ ಸಾಕ್ರಟೀಸ್. ಒಂದು ‘ಹೊರಾತೊನ್’, ಇನ್ನೊಂದು ‘ನೊಏತೊನ್’. ಮಗಳ ಹಳೇ ಗ್ರಾಫ್ ಪುಸ್ತಕದಲ್ಲಿ ಎಳೆದೆ. ಮೊದಲನೆಯದಕ್ಕೆ ‘ಕಾಣುವುದು’ ಅಂತ ಬರೆದೆ. ‘ನೂಸ್’ ಅಂದರೆ ಬುದ್ಧಿ ಅಲ್ವಾ, ಅದಕ್ಕೇ ಎರಡನೆಯದಕ್ಕೆ ‘ಬುದ್ಧಿವಂತ’ ಅಂತ ಬರೆದೆ. ಗೆರೆಯ ತುಂಡು ಬುದ್ಧಿವಂತ ಆಗುವುದು ಹೇಗೆ ಮಾರಾಯ್ರೇ? ಇನ್ನೊಂದು ಕಡೆ ‘ನೊಎರೊಸ್’ ಅಂತಲೂ ಕಂಡೆ. ಎರಡೂ ಒಂದೇನಾ?

ಉತ್ತರ 1:
ಸರ್, ‘ಹೊರಾತೊನ್’ಗೆ ನೀವು ‘ನೋಡುವವನು’ ಅಂತ ಬರೆಯಲಿಲ್ಲ, ‘ಕಾಣುವುದು’ ಅಂತ ಸರಿಯಾಗೇ ಬರೆದಿರಿ. ಅದು ಕಣ್ಣಿಗೆ ಸಿಗುವುದು, ‘ನೊಏತೊನ್’ ಬುದ್ಧಿಗೆ ಸಿಗುವುದು. ಹಾಳೆ ಮೇಲೆ ಬರೆದ ಚೌಕ ಕಣ್ಣಿಗೆ ಕಾಣುತ್ತದೆ. ಲೆಕ್ಕದವರು ಮಾತಾಡುವುದು ಆ ಚಿತ್ರದ ಬಗ್ಗೆ ಅಲ್ಲ, ಬರೆಯಲಾಗದ ಚೌಕದ ಬಗ್ಗೆ. ಅದು ನೊಏತೊನ್.

‘ನೊಏತೊನ್’ ಅಂದರೆ ‘ನೊಏತೊಸ್’ ಪದದ ನಪುಂಸಕಲಿಂಗ. ಈ ಅರ್ಥ ಕೊಡುವುದು ಕ್ರಿಯಾಪದಕ್ಕೆ ಅಂಟಿದ ‘-ತೊಸ್’. ಸಂಸ್ಕೃತದ ‘-ತ’ ಇದರ ದಾಯಾದಿ. ಗ್ರೀಕಿನ ‘ಕ್ಲುತೊಸ್’, ನಮಗೆ ಗೊತ್ತಿರುವ ‘ಶ್ರುತ’, ಎರಡೂ ಒಂದೇ ಬೇರಿನವು.

‘ನೊಎರೊಸ್’ ಬೇರೆ. ನೀವು ಹುಡುಕುತ್ತಿದ್ದ ‘ಬುದ್ಧಿ ಇರುವ’ ಅದೇ. ಪ್ಲೇಟೋ ಹಾದಿಯ ತತ್ವಜ್ಞಾನಿ, 5ನೇ ಶತಮಾನದ ಪ್ರೊಕ್ಲೋಸ್ ಇವೆರಡನ್ನೂ ಬೇರೆ ಬೇರೆ ಮೆಟ್ಟಿಲು ಮಾಡಿ, ಎರಡೂ ಆಗಿರುವುದಕ್ಕೆ ನಡುವೆ ಇನ್ನೊಂದು ಮೆಟ್ಟಿಲು ಇಟ್ಟ. ಪುಣ್ಯಾತ್ಮ!

ಉತ್ತರ 2:
ರೂಪದ ಬಗ್ಗೆ ಒಂದೆರಡು ಮಾತು. ನಮ್ಮ ‘ಒಳ್ಳೆ’ ಹುಡುಗನಿಗೂ ಅದೇ, ಹುಡುಗಿಗೂ ಅದೇ. ಗ್ರೀಕಿನಲ್ಲಿ ಹಾಗಲ್ಲ: ಪುಲ್ಲಿಂಗಕ್ಕೆ ನೊಏತೊಸ್, ಸ್ತ್ರೀಲಿಂಗಕ್ಕೆ ನೊಏತೇ, ನಪುಂಸಕಕ್ಕೆ ನೊಏತೊನ್. ಆದರೆ ನೊಎರೊಸ್‌ನ ಸ್ತ್ರೀಲಿಂಗ ‘ನೊಎರಾ’. ಅಥೆನ್ಸ್‌ನವರ ಮಾತಿನಲ್ಲಿ ರಕಾರದ ಮುಂದೆ ‘ಆ’ ಉಳಿಯುತ್ತದೆ.

ಮಜಾ ಇರುವುದು ‘ಅನೊಏತೊಸ್’ನಲ್ಲಿ. ಒತ್ತು ಹಿಂದಕ್ಕೆ ಸರಿಯುತ್ತದೆ, ಸ್ತ್ರೀಲಿಂಗಕ್ಕೆ ಬೇರೆ ರೂಪ ಇಲ್ಲ. ‘ಬುದ್ಧಿಗೆ ಸಿಗದ್ದು’ ಅಂತ ಅರ್ಥ ಆಗಬೇಕಿತ್ತಲ್ಲ? ಆ ಅರ್ಥವೂ ಇದೆ, ಆದರೆ ಜಾಸ್ತಿ ಬಳಕೆ ‘ಬುದ್ಧಿಗೇಡಿ’ ಅಂತ. ಬೈಬಲಿನ ಪತ್ರದಲ್ಲಿ ಪೌಲ ಗಲಾತ್ಯದವರನ್ನು ಬೈದದ್ದು ಇದೇ ಪದದಿಂದ.

ಪ್ರಶ್ನೆ ಕೇಳಿದವರು:
ರಬ್ಬರ್ ಹಾಕಿ ಅಳಿಸಿದೆ. ನಾನೇ ಅನೊಏತೊಸ್! ಹಾಗಾದರೆ ಬುದ್ಧಿ ತನ್ನನ್ನೇ ಯೋಚಿಸಿದರೆ? ಆಗ ಅದೂ ನೊಏತೊಸ್ಸಾ?

ಉತ್ತರ 1:
ಹೌದು ಸರ್. ಅರಿಸ್ಟಾಟಲ್ ಆತ್ಮದ ಬಗ್ಗೆ ಬರೆದ ಪುಸ್ತಕದ 3ನೇ ಭಾಗ, 4ನೇ ಅಧ್ಯಾಯ ತೆಗೆಯಿರಿ. ಇದೇ ಪ್ರಶ್ನೆ ಕೇಳಿ, ಇದೇ ಪದದಲ್ಲಿ ಹೌದು ಅಂದಿದ್ದಾನೆ.