ಸಹಾಯ ಬೇಕು: ಸೈನ್ಯದಲ್ಲಿದ್ದುಕೊಂಡೇ ಡಿಗ್ರಿ ಓದೋಕೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ನಾವು ಪಾಂಡವಪುರದ ಕಡೆಯವರು. ನಮ್ಮ ಯಜಮಾನರು ಸೈನ್ಯದಲ್ಲಿ ಹವಾಲ್ದಾರ್, ಈಗ ಜಮ್ಮು ಕಡೆ ಪೋಸ್ಟಿಂಗ್. ಪಿಯುಸಿ ಮುಗಿಸಿ ಸೇರಿದವರು. ಪೆನ್ಷನ್ ಬರೋದರೊಳಗೆ ಬಿ.ಕಾಂ ಮಾಡ್ಕೋಬೇಕು ಅಂತ ತುಂಬಾ ಆಸೆ. 15 ವರ್ಷ ಸರ್ವಿಸ್ ಆದವರಿಗೆ ಪದವಿಗೆ ಸಮ ಅಂತ ಸರ್ಟಿಫಿಕೇಟ್ ಕೊಡ್ತಾರೆ, ಗೊತ್ತು. ಆದರೆ ಅವರಿಗೆ ಓದಿಯೇ ಪಡೀಬೇಕು.

ದೂರಶಿಕ್ಷಣಕ್ಕೆ ಮೈಸೂರಿನ ಮುಕ್ತ ವಿವಿನಾ, ಇಗ್ನೋನಾ (ದೆಹಲಿಯ ಇಂದಿರಾ ಗಾಂಧಿ ಮುಕ್ತ ವಿವಿ) ಅಂತ ತೀರ್ಮಾನ ಆಗ್ತಿಲ್ಲ. ಮೈಸೂರು ಮುಕ್ತ ವಿವಿ ಕ್ಯಾಂಪಸ್ ಮುಕ್ತಗಂಗೋತ್ರಿ ನಮಗೆ ಹತ್ತಿರ, ಪುಸ್ತಕ, ಫೀಸು ಎಲ್ಲ ನಾನೇ ಓಡಾಡಿ ನೋಡ್ಕೋತೀನಿ. ಇಗ್ನೋಗೆ ದೇಶದ ತುಂಬ ಪರೀಕ್ಷಾ ಕೇಂದ್ರಗಳಿವೆ. ಜೂನ್‌ನಲ್ಲಿ ರಜೆ ಸಿಗದಿದ್ದರೆ ಡಿಸೆಂಬರ್‌ನಲ್ಲಿ ಬರೀಬಹುದು. ಪೂರ್ತಿ ಆನ್‌ಲೈನ್ ಕೋರ್ಸ್ ಅಂದ್ರೆ ನನಗೆ ಭಯ. ರಾತ್ರಿ ಊಟ ಆದ್ಮೇಲೆ ಬ್ಯಾರಕ್ ಹಿಂದಿನ ಕಟ್ಟೆ ಹತ್ತಿ ನಿಂತರೇನೇ ಅವರಿಗೆ ಸಿಗ್ನಲ್, ವಿಡಿಯೋ ಕಾಲಲ್ಲಿ ಮಗಳ ಮುಖಾನೇ ಸರಿಯಾಗಿ ಕಾಣಲ್ಲ. ಲೈವ್ ಕ್ಲಾಸ್ ಹೇಗೆ ಕೇಳ್ತಾರೆ?

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇಲ್ಲದ್ದು, 'ಒಂದೇ ವರ್ಷಕ್ಕೆ ಡಿಗ್ರಿ' ಅನ್ನೋದು ಬೇಡವೇ ಬೇಡ.

ಸರ್ವಿಸ್‌ನಲ್ಲಿದ್ದು ಓದಿದ ಅಣ್ಣಂದಿರು, ಅವರ ಮನೆಯವರು ದಯವಿಟ್ಟು ಹೇಳಿ: ಯೂನಿಟ್‌ನಿಂದ ಅನುಮತಿ ಮೊದಲೇ ತಗೋಬೇಕಾ? ನಡುವೆ ಪೋಸ್ಟಿಂಗ್ ಬದಲಾದ್ರೆ ನೀವು ಪರೀಕ್ಷೆಗೆ ಏನು ಮಾಡಿದ್ರಿ? ಅಸೈನ್‌ಮೆಂಟ್ ಹೇಗೆ ಕಳಿಸಿದ್ರಿ?