ಇಪ್ಪತ್ತು ವರ್ಷ ಅಟ್ಟದಲ್ಲಿದ್ದ ರಿಸೀವರ್: ಲೈಟ್ ಹತ್ತುತ್ತದೆ, ಸೌಂಡ್ ಬರುತ್ತಿಲ್ಲ

ಪ್ರಶ್ನೆ (ಆಳಂದದಿಂದ):
ಅಣ್ಣಾರ, ನಮಸ್ಕಾರ. ನಮ್ಮ ಕಾಕಾ ಕುವೈತ್‌ನಲ್ಲಿ ದುಡಿಯುವಾಗ ತಂದ ಪಯೋನಿಯರ್ ಎಸ್‌ಎಕ್ಸ್-780 ಸ್ಟೀರಿಯೊ ರಿಸೀವರ್ ಮನೆಯಲ್ಲಿದೆ. ಇಪ್ಪತ್ತು ವರ್ಷ ಅಟ್ಟದ ಮೇಲಿತ್ತು. ಹೋದ ವರ್ಷ ಕಾಕಾ ತೀರಿಕೊಂಡರು. ಅವರ ನೆನಪಿಗೆ ಇದನ್ನು ಮತ್ತೆ ಹಾಡಿಸಬೇಕು ಅಂತ ಆಸೆ. ಮೊನ್ನೆ ಪ್ಲಗ್ ಹಾಕಿದೆ. ಡಯಲ್ ಲೈಟ್ ಹತ್ತಿತು, ಸೌಂಡ್ ಇಲ್ಲ. ಹಿಂದೆ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಒಳಗೆ 'ಟಕ್' ಅಂತಿತ್ತು, ಅದೂ ಈಗ ಇಲ್ಲ. ಒಂದು ಅಂಗಡಿಯವರು 'ಒಳಗಿಂದು ಎಲ್ಲ ಕಿತ್ತು ಹೊಸ ಬೋರ್ಡ್ ಕೂಡಿಸ್ತೀವಿ' ಅಂದರು. ಮನಸ್ಸು ಒಪ್ಪಲಿಲ್ಲ. ಏನು ಮಾಡಲಿ?

ಉತ್ತರ (ಕಲಬುರಗಿಯ ರಿಪೇರಿಯವರು):
ಒಪ್ಪದಿದ್ದದ್ದೇ ಒಳ್ಳೆಯದಾಯಿತು. ಏನೂ ಕೀಳಿಸಬೇಡಿ. ಇದು 1978ರಲ್ಲಿ ಬಂದ ಸೆಟ್, 8 ಓಮ್ ಸ್ಪೀಕರಿಗೆ ಒಂದೊಂದು ಕಡೆ 45 ವ್ಯಾಟ್ ಕೊಡುತ್ತದೆ. ಲೈಟ್ ಹತ್ತುತ್ತಿದೆ ಅಂದರೆ ಟ್ರಾನ್ಸ್‌ಫಾರ್ಮರ್‌ಗೆ ಜೀವ ಇದೆ. ಅದು ಉಳಿದಿದ್ದರೆ ಅರ್ಧ ಸೆಟ್ ಉಳಿದ ಹಾಗೆ.

ಆದರೆ ಇನ್ನೊಮ್ಮೆ ನೇರವಾಗಿ ಪ್ಲಗ್ ಹಾಕಬೇಡಿ. ಇಷ್ಟು ವರ್ಷ ಸುಮ್ನೆ ಕೂತ ಕಂಡೆನ್ಸರ್‌ಗಳು (ಚಾರ್ಜ್ ಹಿಡಿದಿಡುವ ಡಬ್ಬಿಗಳು) ಒಳಗೇ ಒಣಗಿರುತ್ತವೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಒಂದು ಹೋಗಿ ಇನ್ನೊಂದನ್ನೂ ಕರೆದುಕೊಂಡು ಹೋಗುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಇರುತ್ತದಲ್ಲ, ಸೀರೀಸ್ ಬೋರ್ಡ್, ಅಂದರೆ ಕರೆಂಟ್ ಒಂದು ಬಲ್ಬಿನ ಮೂಲಕ ಹಾಯ್ದು ಸೆಟ್‌ಗೆ ಬರುವ ಬೋರ್ಡ್, ಅದನ್ನು ಹಾಕಿ. ಬಲ್ಬು 100 ವ್ಯಾಟಿನ ಹಳೆ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಆನ್ ಮಾಡಿದಾಗ ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸರಿ. ಹಾಗೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಆ 'ಟಕ್' ರಿಲೇ, ಅಂದರೆ ಒಳಗಿರುವ ತನ್ನಷ್ಟಕ್ಕೆ ಕೆಲಸ ಮಾಡುವ ಸ್ವಿಚ್, ಕೂಡುವ ಸಪ್ಪಳ. ಆನ್ ಆದ ಮೇಲೆ ಕೆಲವು ಸೆಕೆಂಡ್ ಕಾಯ್ದು, ಔಟ್‌ಪುಟ್‌ನಲ್ಲಿ ಡಿಸಿ (ಬ್ಯಾಟರಿಯ ಹಾಗೆ ಒಂದೇ ದಿಕ್ಕಿನ ಕರೆಂಟ್) ಇಲ್ಲ ಅಂತ ಖಾತ್ರಿಯಾದ ಮೇಲೆ ಸ್ಪೀಕರ್ ಜೋಡಿಸುತ್ತದೆ. ಡಿಸಿ ಇದ್ದರೆ ಕೂಡುವುದೇ ಇಲ್ಲ. ಕೂಡಿದ್ದರೆ ಸ್ಪೀಕರಿನ ಕಾಯಿಲ್ ಸುಟ್ಟುಹೋಗುತ್ತಿತ್ತು. ಅಂದರೆ ನಿಮ್ಮ ರಿಲೇ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ ಅಂತ ನನಗನ್ನಿಸುತ್ತದೆ. ಸ್ಪೀಕರ್ ವೈರ್ ಬಿಚ್ಚಿಟ್ಟು, ರಿಲೇಗೆ ಬರುವ ಎರಡೂ ಕಡೆ ಡಿಸಿ ಅಳೆದು ಹೇಳಿ. ಹಿಂದಿನ ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೆದರೆ ಸೊನ್ನೆ ತೋರಿಸುತ್ತದೆ, ಮೋಸ ಹೋಗಬೇಡಿ.

ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 1 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರ್ ಹಚ್ಚಿ ಒಂದು ನಿಮಿಷ ಹಿಡಿಯಿರಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಸ್ಕ್ರೂ ಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಬೇಡವೇ ಬೇಡ. ಮೀಟರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ.

ಪ್ರಶ್ನೆ (ಆಳಂದದಿಂದ, ಎರಡು ದಿನ ಬಿಟ್ಟು):
ಮೀಟರ್ ಅಭ್ಯಾಸ ಇದೆ ಅಣ್ಣಾರ, ಮೋಟರ್ ವೈಂಡಿಂಗ್ ಮಾಡುತ್ತೇನೆ. ಮುಚ್ಚಳ ತೆಗೆದರೆ ಹೀಟ್ ಸಿಂಕ್ ಸಂದಿಯಲ್ಲಿ ಹಲ್ಲಿಮೊಟ್ಟೆಯ ಸಿಪ್ಪೆ, ಟ್ರಾನ್ಸ್‌ಫಾರ್ಮರ್ ಮೇಲೆ ಕಣಜ ಕಟ್ಟಿದ ಮಣ್ಣಿನ ಗೂಡು. ಬ್ರಷ್‌ನಿಂದ ತೆಗೆದೆ. ಬಲ್ಬು ಹೊಳೆದು ಮಂಕಾಯಿತು. ಎಡಗಡೆ 12 ಮಿಲಿವೋಲ್ಟ್. ಬಲಗಡೆ 31 ವೋಲ್ಟ್! ಎಸ್‌ಟಿಕೆ, ಅಂದರೆ ಸ್ಪೀಕರಿಗೆ ಪವರ್ ಕೊಡುವ ಐಸಿ, ಹೋಗಿದೆ ಅಲ್ವಾ? ಹೊಸದು ತರಿಸಲಾ?

ಉತ್ತರ:
ತಡೀರಿ. ಎಡಗಡೆ ಚೆನ್ನಾಗಿದೆ, 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. ಬಲಗಡೆ 31 ವೋಲ್ಟ್ ಇರುವುದಕ್ಕೇ ರಿಲೇ ಕೂಡುತ್ತಿಲ್ಲ. ಬಲ್ಬು ಮಂಕಾಗಿದೆಯಲ್ಲ ಅನ್ನಬೇಡಿ. ಸ್ಪೀಕರ್ ಇಲ್ಲದೆ ಕರೆಂಟ್ ಹರಿಯಲು ದಾರಿಯೇ ಇಲ್ಲ, ಬಲ್ಬಿಗೆ ಅದು ಗೊತ್ತಾಗುವುದಿಲ್ಲ.

ಎಸ್‌ಟಿಕೆ ಐಸಿಯೇ ಹೋಗಿರಬಹುದು. ಆದರೆ ಅದರ ಹಿಂದಿನ ಸಣ್ಣ ಟ್ರಾನ್ಸಿಸ್ಟರ್, ರೆಸಿಸ್ಟರ್ ಕೆಟ್ಟರೂ ಇದೇ ತೋರಿಸುತ್ತದೆ. ಹೊಸದು ಅಂತ ಮಾರುವ ಹಳೆ ಎಸ್‌ಟಿಕೆಗಳಲ್ಲಿ ನಕಲಿ ಜಾಸ್ತಿ. ಒಳ್ಳೆಯ ಅಸಲಿ ಐಸಿ ಬಿಚ್ಚಿ ನಕಲಿ ಹಾಕಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಮಾಲು ಮತ್ತೆ ಸಿಗುವುದಿಲ್ಲ.

ನಿಮ್ಮ ಕೈಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಸ್ಟೀರಿಯೊ ಸೆಟ್‌ನಲ್ಲಿ ಎಡ, ಬಲ ಎರಡಕ್ಕೂ ಒಂದೇ ತರಹದ ಸರ್ಕ್ಯೂಟ್. ಎಡಗಡೆ ಆರೋಗ್ಯವಾಗಿದೆ. ಪ್ಲಗ್ ತೆಗೆದು, ಎಡಗಡೆ ಒಂದೊಂದೇ ರೆಸಿಸ್ಟರ್ ಅಳೆಯಿರಿ, ಬಲಗಡೆ ಅದೇ ಜಾಗದ್ದು ಅಳೆಯಿರಿ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನಿಲ್ಲಿ.

ಪ್ರಶ್ನೆ (ಬೀದರ್‌ನಿಂದ):
ನಡುವೆ ಬಂದೆ, ಕ್ಷಮಿಸಿ. ನನ್ನ ಅಳಿಯ ಅಮೆರಿಕದಿಂದ ಒಂದು ಹಳೆ ರಿಸೀವರ್ ತಂದಿದ್ದಾನೆ. ಹಿಂದೆ 120 ವೋಲ್ಟ್ ಅಂತ ಬರೆದಿದೆ. ಹಾಗೇ ಹಾಕಬಹುದೇ?

ಉತ್ತರ:
ಬೇಡ, ಸುಟ್ಟುಹೋಗುತ್ತದೆ. ಹಿಂದೆ ವೋಲ್ಟೇಜ್ ಬದಲಿಸುವ ಸ್ವಿಚ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹಿಂದೆ ಬರೆದ ವ್ಯಾಟ್‌ಗಿಂತ ಒಂದೂವರೆ ಪಟ್ಟು ದೊಡ್ಡದು ತೊಗೊಳ್ಳಿ. ಜಪಾನಿನ ಒಳಗೇ ಮಾರಿದ ಸೆಟ್ ಸಿಕ್ಕರೆ ಅದು 100 ವೋಲ್ಟಿನದು. ಹಳೆಯದಾದರೆ ಎಫ್‌ಎಂ 76ರಿಂದ 90ಕ್ಕೇ ಮುಗಿಯುತ್ತದೆ, ನಮ್ಮ ಸ್ಟೇಷನ್‌ಗಳು ಬಹುತೇಕ ಅದಕ್ಕೂ ಮೇಲೆ.

ಪ್ರಶ್ನೆ (ಆಳಂದದಿಂದ, ಮರುವಾರ):
ಸಿಕ್ಕಿತು! ಎಡಗಡೆ 2 ಕಿಲೋ ಓಮ್ ಹತ್ತಿರ ತೋರಿಸಿದ ಕಡೆ ಬಲಗಡೆ 60 ಕಿಲೋ ದಾಟಿತು. ಒಂದು ಕಾಲು ಎತ್ತಿ ಅಳೆದೆ, ರೆಸಿಸ್ಟರ್ ಪೂರ್ತಿ ಓಪನ್. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿಗೆ ಬಂದು ಅಷ್ಟೇ ಓಮ್‌ನದು ತಂದು ಹಾಕಿದೆ. ಬಲಗಡೆ ಈಗ 18 ಮಿಲಿವೋಲ್ಟ್. ಸೀರೀಸ್ ಬೋರ್ಡ್ ತೆಗೆದು ಆನ್ ಮಾಡಿದೆ. ನಾಲ್ಕು ಸೆಕೆಂಡ್‌ಗೆ 'ಟಕ್' ಅಂದಿತು. ಚಿಕ್ಕವ್ವ ಅಡಿಗೆಮನೆಯಿಂದ ಓಡಿ ಬಂದರು, 'ಇದು ಅವರು ಆನ್ ಮಾಡಿದ ಸಪ್ಪಳ' ಅಂದರು. ಇನ್ನು ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ, ಅಷ್ಟೇ.

ಉತ್ತರ:
ಓದಿ ಬಹಳ ಸಂತೋಷವಾಯಿತು. ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ತೊಗೊಳ್ಳಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದರ ಜಿಡ್ಡಿಗೆ ನಮ್ಮ ಊರಿನ ಧೂಳು ಮೆತ್ತಿಕೊಳ್ಳುತ್ತದೆ. ಸೆಟ್ ಆಫ್ ಮಾಡಿ, ವಾಲ್ಯೂಮ್ ಕಂಟ್ರೋಲಿನ ಸಂದಿಗೆ ಸ್ವಲ್ಪವೇ ಹೊಡೆದು, ಆ ತುದಿಯಿಂದ ಈ ತುದಿಗೆ ಮೂವತ್ತು ಸಲ ತಿರುಗಿಸಿ. ಟೇಪ್ ಮಾನಿಟರ್ ಸ್ವಿಚ್‌ಗೂ (ಸೌಂಡನ್ನು ಟೇಪ್ ರೆಕಾರ್ಡರ್ ಕಡೆಯಿಂದ ತೊಗೊಳ್ಳುವ ಸ್ವಿಚ್) ಹಾಗೇ ಮಾಡಿ. ಆ ಸ್ವಿಚ್ ಒತ್ತಿಕೊಂಡಿದ್ದು ಸೌಂಡ್ ಬರದೆ ನನ್ನ ಹತ್ತಿರ ಬಂದ ಸೆಟ್‌ಗಳು ಎಷ್ಟೋ.

ಕಂಡೆನ್ಸರ್‌ಗಳನ್ನು ನಿಧಾನಕ್ಕೆ ಬದಲಿಸಿ, ಒಂದು ಸಲಕ್ಕೆ ಒಂದೇ ಬೋರ್ಡ್. ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿ ಕಾವು ತಡೆಯುವಂಥದು. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಪ್ಲಸ್ ಮೈನಸ್ ಅದಲುಬದಲಾದರೆ ಸಿಡಿಯುತ್ತದೆ. ಇಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ.

ಮತ್ತೆ, ಗೋಡೆಯ ಗೂಡಿನಲ್ಲಿ ಇಡಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಮೇಲೆ ನಾಲ್ಕು ಇಂಚು ಖಾಲಿ ಬಿಡಿ. ಕ್ರೋಶಾ ಬಟ್ಟೆ ಹೊದಿಸಬೇಡಿ ಅಂತ ಚಿಕ್ಕವ್ವನಿಗೂ ಹೇಳಿ.